ಕೊಳ್ಳುವ ಮೊದಲು

2022ರ ಮಳೆಗಾಲದಲ್ಲಿ ನಮ್ಮ ಪುಣೆಯ ಮನೆಯಲ್ಲಿ ಮೂರು ವಾರಗಳ ಕಾಲ ಒಂದೇ ವಿಷಯದ ಚರ್ಚೆ ನಡೆಯಿತು. ಗಣಕಯಂತ್ರದಲ್ಲಿ ಆಡುವ ಆಟವೊಂದನ್ನು ಕೊಳ್ಳಬೇಕೇ, ಕೊಂಡರೆ ಅದು ನಮ್ಮ ಯಂತ್ರದಲ್ಲಿ ನಡೆದೀತೇ ಎಂಬುದೇ ಆ ವಿಷಯ. ಆಟ ಬೇಕೆಂದವರು ಮಕ್ಕಳಲ್ಲ, ಎಪ್ಪತ್ತೊಂಬತ್ತು ವರ್ಷದ ಅಪ್ಪ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ತಂದೆ, ಇನ್ನೊಬ್ಬರಿಗೆ ಮಾವ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ಇಬ್ಬರಿಗೂ ಅವರು ಅಪ್ಪನೇ.

ಅಪ್ಪನ ಊರು ಸಾಗರ ತಾಲ್ಲೂಕಿನಲ್ಲಿತ್ತು. ಇತ್ತು ಎಂದೇ ಹೇಳಬೇಕು, ಏಕೆಂದರೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಾಗ ಅದು ನೀರಿನಡಿಗೆ ಹೋಯಿತು. ಅಪ್ಪನಿಗೆ ಆಗ ಇಪ್ಪತ್ತೊಂದು. ಮನೆಯವರು ಬೇರೆಡೆ ನೆಲೆ ಕಂಡುಕೊಂಡರು, ಅಪ್ಪ ಮುಂಬಯಿಯ ರೈಲು ಹಿಡಿದರು. ಆಮೇಲೆ ಅವರು ಆ ಕಡೆಗೆ ಹೋದದ್ದು ನಾಲ್ಕೋ ಐದೋ ಸಲ. ಈಗ ಹೃದಯದ ತೊಂದರೆಯಿಂದಾಗಿ ದೂರದ ಪ್ರಯಾಣವನ್ನು ವೈದ್ಯರು ಬೇಡವೆಂದಿದ್ದರು. ಅದರ ಮೇಲೆ ಗ್ಲಾಕೋಮಾ. ಕಣ್ಣಿನ ನೋಟ ಅಂಚಿನಿಂದ ಒಳಮುಖವಾಗಿ ಕಿರಿದಾಗುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಕಣ್ಣಿನ ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವರು ಹೇಳಿದ್ದು ಅಪ್ಪನಿಗೂ ಕೇಳಿಸಿತ್ತೆಂಬುದು ನಮಗೆ ತಿಳಿದದ್ದು ಆಮೇಲೆ.

ಇಂಥ ಹೊತ್ತಿನಲ್ಲಿ ಚೆನ್ನೈಯಲ್ಲಿ ಓದುತ್ತಿದ್ದ ಮಗ ದೂರವಾಣಿಯಲ್ಲಿ ತಾತನಿಗೆ ಒಂದು ಸುದ್ದಿ ಹೇಳಿದ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಆಟ 2020ರಲ್ಲಿ ಹೊಸ ರೂಪದಲ್ಲಿ ಬಂದಿದೆ, ಅದರಲ್ಲಿ ಇಡೀ ಭೂಮಿ ಇದೆ, ಉಪಗ್ರಹದಿಂದಲೂ ವಿಮಾನದಿಂದಲೂ ತೆಗೆದ ಚಿತ್ರಗಳನ್ನು ನೆಲದ ಏರುತಗ್ಗುಗಳ ಮೇಲೆ ಹೊದಿಸಿದ್ದಾರೆ, ಪುಟ್ಟ ವಿಮಾನದಲ್ಲಿ ಎಲ್ಲಿಗೆ ಬೇಕಾದರೂ ಹಾರಬಹುದು ಎಂದ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ನಮ್ಮ ಕಡೆಯೂ ಇದೆಯೇನೋ?'

ಇದೆ ಎಂದು ಮಗ ಹೇಳಿದ. ಮಾರನೆಯ ಬೆಳಿಗ್ಗೆಯಿಂದ ಅಪ್ಪ ಕಾಯತೊಡಗಿದರು.

ಅಂದೇ ಕೊಂಡುಬಿಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಾವು ಹಿಂಜರಿದದ್ದು ಹಣಕ್ಕಾಗಿ ಅಲ್ಲ, ಹಳೆಯ ಗಾಯವೊಂದಕ್ಕಾಗಿ. ಮಗನಿಗೆ ಹತ್ತು ತುಂಬಿದ ದಿನ ಅಂಗಡಿಯೊಂದರಿಂದ ಕಾರು ಓಟದ ಆಟದ ಡಿಸ್ಕ್ ತಂದುಕೊಟ್ಟಿದ್ದೆವು. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಪಟ್ಟಿ ಇತ್ತು, ನಾವು ಓದಲಿಲ್ಲ. ಗೆಳೆಯರೆಲ್ಲ ಸುತ್ತ ನಿಂತಿರುವಾಗ ಹುಡುಗ ಡಿಸ್ಕ್ ಹಾಕಿದ. ಪರದೆ ಕಪ್ಪಾಯಿತು, ಒಂದು ಸಾಲಿನ ದೋಷ ಸೂಚನೆ ಬಂತು, ಅಷ್ಟೇ. ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ಹಿಂದೆ ತೆಗೆದುಕೊಳ್ಳಲಿಲ್ಲ. 'ಪರವಾಗಿಲ್ಲಮ್ಮ, ಪರವಾಗಿಲ್ಲಪ್ಪ' ಎಂದು ಅವನೇ ನಮ್ಮನ್ನು ಸಮಾಧಾನಪಡಿಸಿದ. ಆ ಡಿಸ್ಕ್ ಅವನ ಮೇಜಿನ ಖಾನೆಯಲ್ಲಿ ಬಹುಕಾಲ ಇತ್ತು. ಹತ್ತು ವರ್ಷದ ಮಗು ತಂದೆ ತಾಯಿಯರನ್ನು ಸಮಾಧಾನಪಡಿಸಬೇಕಾಗಿ ಬಂದದ್ದು ನಮಗೆ ಮರೆಯಲಾಗಿಲ್ಲ. ಈಗ ಅದೇ ಮಾತನ್ನು ಅಪ್ಪನ ಬಾಯಿಂದ ಕೇಳಲು ನಾವು ಸಿದ್ಧರಿರಲಿಲ್ಲ.

ಆದ್ದರಿಂದ ಈ ಸಲ ಪಟ್ಟಿಯನ್ನು ಓದಿದೆವು. ಪ್ರತಿ ಆಟಕ್ಕೂ ಅದರ ತಯಾರಕರು ಎರಡು ಬಗೆಯ ಅಗತ್ಯಗಳನ್ನು ಪ್ರಕಟಿಸುತ್ತಾರೆ. ಒಂದು ಕನಿಷ್ಠ, ಇನ್ನೊಂದು ಶಿಫಾರಸು ಮಾಡಿದ್ದು. ಈ ಆಟದ ಕನಿಷ್ಠ ಪಟ್ಟಿಯಲ್ಲಿ ಇಂಟೆಲ್ ಐ5-4460 ಸಂಸ್ಕಾರಕ, 8 ಜಿಬಿ ಸ್ಮೃತಿ, 2 ಜಿಬಿ ಸ್ವಂತ ಸ್ಮೃತಿಯುಳ್ಳ ಎನ್ವಿಡಿಯಾ ಜಿಟಿಎಕ್ಸ್ 770 ಗ್ರಾಫಿಕ್ಸ್ ಕಾರ್ಡ್, 150 ಜಿಬಿ ಜಾಗ, ಸೆಕೆಂಡಿಗೆ 5 ಮೆಗಾಬಿಟ್ ವೇಗದ ಅಂತರ್ಜಾಲ ಎಂದಿತ್ತು. ಶಿಫಾರಸಿನಲ್ಲಿ ಐ5-8400, 16 ಜಿಬಿ, ಜಿಟಿಎಕ್ಸ್ 970, ಸೆಕೆಂಡಿಗೆ 20 ಮೆಗಾಬಿಟ್. ಇದರ ಮೇಲೆ 'ಆದರ್ಶ' ಎಂಬ ಮೂರನೆಯ ಸಾಲೂ ಇತ್ತು, 32 ಜಿಬಿ ಸ್ಮೃತಿ ಕೇಳುವಂಥದ್ದು. ಅದರ ಗೊಡವೆಗೆ ನಾವು ಹೋಗಲಿಲ್ಲ.

ಮನೆಯಲ್ಲಿ ಎರಡು ಯಂತ್ರಗಳಿದ್ದವು. ಒಂದು ನಾವು ದಿನವೂ ಬಳಸುವ ಲ್ಯಾಪ್‌ಟಾಪ್. ಇನ್ನೊಂದು ಮಗನ ಕೋಣೆಯಲ್ಲಿ ಹಳೆಯ ಪಂಚೆಯ ಮುಸುಕಿನಡಿ ಮೂರು ವರ್ಷದಿಂದ ಮಲಗಿದ್ದ ಮೇಜು ಗಣಕ. ಲ್ಯಾಪ್‌ಟಾಪ್ ಹೊಸದು, ಆದ್ದರಿಂದ ಅದೇ ಬಲಶಾಲಿ ಎಂದು ಮೊದಲು ಭಾವಿಸಿದೆವು.

ಯಂತ್ರದೊಳಗೆ ಏನಿದೆಯೆಂದು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿ ಸಂಸ್ಕಾರಕವೂ ಸ್ಮೃತಿಯೂ ಕಾಣುತ್ತವೆ. ಗ್ರಾಫಿಕ್ಸ್ ಯಾವುದೆಂದು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೋರಿಸುತ್ತದೆ. ಡಿಎಕ್ಸ್‌ಡಯಾಗ್ ಎಂದು ಟೈಪಿಸಿದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಐ5-8250ಯು, 8 ಜಿಬಿ ಸ್ಮೃತಿ, ಇಂಟೆಲ್ ಯುಎಚ್‌ಡಿ 620. ಗ್ರಾಫಿಕ್ಸ್ ಸ್ಮೃತಿಯ ಜಾಗದಲ್ಲಿ ಸುಮಾರು 4 ಜಿಬಿ ಎಂದು ಬರೆದಿತ್ತು. ಕೇಳಿದ್ದು 2, ಇರುವುದು 4. ಐ5ರ ಮುಂದಿನ ಸಂಖ್ಯೆಯೂ 4460ಕ್ಕಿಂತ ದೊಡ್ಡದು. ನಮ್ಮಲ್ಲೊಬ್ಬರು ಅಂದೇ ಕೊಳ್ಳೋಣವೆಂದರು. ಇನ್ನೊಬ್ಬರು ಮಗನಿಗೆ ಒಂದು ಮಾತು ಕೇಳೋಣವೆಂದರು.

ಮಗ ನಕ್ಕ. ಅದು ಸ್ವಂತದ 4 ಜಿಬಿ ಅಲ್ಲ, ಎರವಲು ಎಂದ. ಸಂಸ್ಕಾರಕದೊಳಗೇ ಸೇರಿಕೊಂಡಿರುವ ಇಂಥ ಗ್ರಾಫಿಕ್ಸ್‌ಗೆ ತನ್ನದೆಂಬ ಸ್ಮೃತಿ ಇಲ್ಲವೆನ್ನುವಷ್ಟು ಕಡಿಮೆ. ಯಂತ್ರದ ಒಟ್ಟು ಸ್ಮೃತಿಯ ಅರ್ಧದವರೆಗೆ ಅದು ಹಂಚಿಕೊಳ್ಳಬಹುದು ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ಅಂದರೆ ಆಟಕ್ಕೆ ಬೇಕಾದ 8ರಲ್ಲಿಯೇ ಇದೂ ಪಾಲು ಕೇಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಡೆಡಿಕೇಟೆಡ್' ಮತ್ತು 'ಶೇರ್ಡ್' ಎಂದು ಎರಡು ಸಾಲುಗಳಿರುತ್ತವೆ, ನೋಡಬೇಕಾದದ್ದು ಮೊದಲನೆಯದನ್ನು. ಅಲ್ಲಿ ನಮ್ಮದು 128 ಎಂಬಿ. ಒಂದೇ ಮನೆಯ ಅಕ್ಕಿಯನ್ನು ಎರಡು ಡಬ್ಬಿಯಲ್ಲಿ ತೋರಿಸಿ ಎರಡು ಮನೆಯ ಅಕ್ಕಿ ಎಂದಂತಾಗಿತ್ತು ನಮ್ಮ ಲೆಕ್ಕ.

ಸಂಸ್ಕಾರಕದ ವಿಷಯವೂ ಹಾಗೆಯೇ. 8250ರ ಮೊದಲ 8 ತಲೆಮಾರನ್ನು ಹೇಳುತ್ತದೆ, ಕೊನೆಯ 'ಯು' ಎಂಬ ಅಕ್ಷರ ಅದು ವಿದ್ಯುತ್ತನ್ನು ಉಳಿಸಲು ಮಾಡಿದ್ದೆಂದು ಹೇಳುತ್ತದೆ. 15 ವಾಟ್‌ಗಳ ಮಿತಿಯಲ್ಲಿ ಬದುಕುವ ಈ ಚಿಪ್ ಸ್ವಲ್ಪ ಹೊತ್ತು ಜೋರಾಗಿ ಓಡಬಲ್ಲದು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಬಿಸಿಯೇರಿದಂತೆ ನಡಿಗೆ ನಿಧಾನವಾಗುತ್ತದೆ. ಪಟ್ಟಿಯ 4460 ನಾಲ್ಕನೆಯ ತಲೆಮಾರಿನದಾದರೂ 84 ವಾಟ್‌ಗಳ ಮೇಜು ಗಣಕದ ಚಿಪ್, ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯಬಲ್ಲದು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಶಕ್ತಿ ದೊಡ್ಡದಲ್ಲವೆಂಬ ಪಾಠ ನಮಗೆ ಆ ಸಂಜೆ ಆಯಿತು.

ಹೀಗೆ ಲ್ಯಾಪ್‌ಟಾಪ್ ಹಿಂದೆ ಸರಿಯಿತು. ಪಂಚೆಯ ಮುಸುಕು ತೆಗೆದು, ಧೂಳು ಒರೆಸಿ, ಮಗನ ಯಂತ್ರವನ್ನು ಚಾಲೂ ಮಾಡಿದೆವು. ಅದರಲ್ಲಿ ಐ5-6500 ಸಂಸ್ಕಾರಕ, 8 ಜಿಬಿ ಸ್ಮೃತಿ, 2 ಜಿಬಿಯ ಜಿಟಿಎಕ್ಸ್ 960 ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಇದ್ದವು. ಸಂಸ್ಕಾರಕ ಕನಿಷ್ಠಕ್ಕಿಂತ ಮೇಲು, ಶಿಫಾರಸಿಗಿಂತ ಕೆಳಗೆ. ಗ್ರಾಫಿಕ್ಸ್ ಕಾರ್ಡ್ ಹೇಗೆ? ಎನ್ವಿಡಿಯಾದ ಆ ಕಾಲದ ಹೆಸರುಗಳಲ್ಲಿ ಮೊದಲ ಅಂಕಿ ತಲೆಮಾರು, ಕೊನೆಯ ಎರಡು ಅಂಕಿಗಳು ಆ ತಲೆಮಾರಿನೊಳಗಿನ ಸ್ಥಾನ. 770 ಏಳನೆಯ ಸಾಲಿನ ಹಿರಿಯರಲ್ಲೊಬ್ಬ, 960 ಒಂಬತ್ತನೆಯ ಸಾಲಿನ ಮಧ್ಯಮ. 2013ರ ಹಿರಿಯನೂ 2015ರ ಮಧ್ಯಮನೂ ಸರಿಸುಮಾರು ಒಂದೇ ಭಾರ ಹೊರುತ್ತಾರೆ. ಅಂದರೆ ನಮ್ಮ ಯಂತ್ರ ಹೊಸ್ತಿಲಿನ ಮೇಲೆ ನಿಂತಿತ್ತು. ಒಳಗೂ ಅಲ್ಲ, ಹೊರಗೂ ಅಲ್ಲ.

ಈ ಹೊಸ್ತಿಲಿನಲ್ಲಿ ನಿಂತವರನ್ನು ಅಂಗಡಿ ಕರೆಯುತ್ತದೆ. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚ್ಚಿ ಬೀದಿ, ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇರುವಂತೆ ಪ್ರತಿ ಊರಿಗೂ ಒಂದು ಗಣಕಪೇಟೆ ಇರುತ್ತದೆ. ನಮ್ಮೂರಿನ ಅಂಥ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, 960 ಹಳೆಯದಾಯಿತು, ಜಿಟಿ 1030 ಹಾಕಿಸಿ, ಹೊಸದು, ಅಗ್ಗ ಎಂಬ ಸಲಹೆ ಬಂತು. ಅಷ್ಟರಲ್ಲಿ ನಾವು ಸಂಖ್ಯೆಗಳನ್ನು ಓದಲು ಕಲಿತಿದ್ದೆವು. 1030 ಹತ್ತನೆಯ ಸಾಲಿನದು ನಿಜ, ಆದರೆ ಕೊನೆಯ 30 ಆ ಸಾಲಿನ ಕೆಳತುದಿ. ಅದು 960ಕ್ಕಿಂತ ಎಷ್ಟೋ ದುರ್ಬಲ. ಹಣ ಕೊಟ್ಟು ಹಿಂದಕ್ಕೆ ಹೋಗುವ ದಾರಿಯದು. ನಾವು ನಮಸ್ಕಾರ ಹೇಳಿ ಬಂದೆವು.

ಆದರೂ ಸಂದೇಹ ಉಳಿಯಿತು. ಪಟ್ಟಿಯನ್ನೇ ಎಷ್ಟು ನಂಬಬೇಕು? ಕನಿಷ್ಠದ ಸಾಲಿನಲ್ಲಿ ಎನ್ವಿಡಿಯಾದ 770ರ ಪಕ್ಕದಲ್ಲಿ ಎಎಮ್‌ಡಿಯ ಆರ್‌ಎಕ್ಸ್ 570 ಎಂದು ಬರೆದಿತ್ತು. ಇವೆರಡೂ ಸಮಬಲದವಲ್ಲ. 570 ನಾಲ್ಕು ವರ್ಷ ಕಿರಿಯ, ಸ್ಪಷ್ಟವಾಗಿ ಬಲಶಾಲಿ. ತಯಾರಕರು ತಾವು ಪರೀಕ್ಷಿಸಿದ ಯಂತ್ರಗಳ ಸುತ್ತ ಗೆರೆ ಎಳೆಯುತ್ತಾರೆಯೇ ಹೊರತು ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ. ಜೊತೆಗೆ, ಕನಿಷ್ಠವೆಂದರೆ ಯಾವ ಗಾತ್ರದ ಚಿತ್ರಕ್ಕೆ, ಸೆಕೆಂಡಿಗೆ ಎಷ್ಟು ಚೌಕಟ್ಟುಗಳಿಗೆ ಎಂಬುದನ್ನೂ ಆ ಪಟ್ಟಿ ಹೇಳಿರಲಿಲ್ಲ.

ಚೌಕಟ್ಟಿನ ಲೆಕ್ಕ ಇಲ್ಲಿ ಮುಖ್ಯ. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದನ್ನೂ ಬರೆಯಲು ಯಂತ್ರಕ್ಕೆ 17 ಮಿಲಿಸೆಕೆಂಡಿಗಿಂತ ತುಸು ಕಡಿಮೆ ಕಾಲ ಸಿಗುತ್ತದೆ. 30 ಸಾಕೆಂದರೆ 33. ಗುಂಡು ಹಾರಿಸುವ ಆಟದಲ್ಲಿ ಈ ಅಂತರ ಸೋಲು ಗೆಲುವಿನದು. ಮೋಡಗಳ ನಡುವೆ ನಿಧಾನವಾಗಿ ತೇಲುವ ಪುಟ್ಟ ವಿಮಾನಕ್ಕೆ 30 ಸಾಕು. ಇನ್ನು ಚಿತ್ರದ ಗಾತ್ರ: 1920 ಅಡ್ಡ, 1080 ಉದ್ದದ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಅಪ್ಪನ ಕಣ್ಣಿಗೆಂದು ಆಟವನ್ನು ಹಜಾರದ ದೊಡ್ಡ 4ಕೆ ಟಿವಿಯಲ್ಲಿ ತೋರಿಸುವ ಆಲೋಚನೆ ನಮ್ಮದಾಗಿತ್ತು. ಟಿವಿ 4ಕೆ ಎಂದು ಆಟವೂ 4ಕೆಯಲ್ಲೇ ತೆರೆದುಕೊಂಡರೆ ನಮ್ಮ ಬಡ ಕಾರ್ಡ್ ಮಲಗಿಬಿಡುತ್ತಿತ್ತು. ದೊಡ್ಡ ಪರದೆಗೂ ದೊಡ್ಡ ಚಿತ್ರಕ್ಕೂ ಸಂಬಂಧವಿಲ್ಲ, 1080ಕ್ಕೆ ಇಳಿಸಿ ನೋಡಬಹುದು ಎಂಬುದೇ ನಮಗೊಂದು ಹೊಸ ಅರಿವು.

ಕೊನೆಗೆ ನಮ್ಮನ್ನು ನಂಬಿಸಿದ್ದು ಪಟ್ಟಿಯಲ್ಲ, ಸಾಕ್ಷಿ. ಇದೇ ಸಂಸ್ಕಾರಕ, ಇದೇ ಕಾರ್ಡ್ ಇರುವವರು ಇದೇ ಆಟವನ್ನು ಆಡಿ, ಮೂಲೆಯಲ್ಲಿ ಚೌಕಟ್ಟಿನ ಸಂಖ್ಯೆ ಕಾಣುವಂತೆ ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕಿರುತ್ತಾರೆ. ಎರಡು ರಾತ್ರಿ ನಾವು ಅಪರಿಚಿತರ ಹಾರಾಟಗಳನ್ನು ನೋಡಿದೆವು. ನಗರಗಳ ಮೇಲೆ ಸಂಖ್ಯೆ 20ರ ಆಸುಪಾಸಿಗೆ ಕುಸಿಯುತ್ತಿತ್ತು. ಕಾಡಿನ ಮೇಲೆ, ನೀರಿನ ಮೇಲೆ 30 ದಾಟುತ್ತಿತ್ತು. ಅಪ್ಪ ಹೋಗಬೇಕಾದದ್ದು ಕಾಡು ಮತ್ತು ನೀರಿನ ಮೇಲೆಯೇ. ಆ ವೀಡಿಯೊಗಳಲ್ಲಿ ಮತ್ತೊಂದನ್ನೂ ಗಮನಿಸಿದೆವು. 8 ಜಿಬಿ ಸ್ಮೃತಿಯವರ ಹಾರಾಟ ಆಗಾಗ ತಡವರಿಸುತ್ತಿತ್ತು, 16 ಇರುವವರದು ಅಷ್ಟಿಲ್ಲ. ನಮ್ಮ ಯಂತ್ರದಲ್ಲಿ ಸ್ಮೃತಿಗೆಂದು ಒಂದು ಖಾಲಿ ಸೀಳು ಇತ್ತು. ಹೊಸ ಕಾರ್ಡಿನ ಬೆಲೆಗೆ ಹೋಲಿಸಿದರೆ ಇನ್ನೊಂದು 8 ಜಿಬಿಯ ಪಟ್ಟಿ ಅಲ್ಪವೆಚ್ಚ. ಅದನ್ನು ತಂದು ಹಾಕಿದೆವು.

ಉಳಿದದ್ದು ಜಾಗ. ಮಗನ ಡಿಸ್ಕಿನಲ್ಲಿ 110 ಜಿಬಿ ಮಾತ್ರ ಖಾಲಿಯಿತ್ತು. ಏನನ್ನು ಅಳಿಸಬೇಕೆಂದು ಕೇಳಿದಾಗ ಅವನು ತನ್ನ ಹಳೆಯ ಆಟಗಳನ್ನೆಲ್ಲ ಅಳಿಸಿಬಿಡಿ ಎಂದ. ಒಂದೊಂದಾಗಿ ಅಳಿಸುವಾಗ, ಅವನು ಬಾಗಿಲು ಹಾಕಿಕೊಂಡು ಕುಳಿತಿರುತ್ತಿದ್ದ ವರ್ಷಗಳು, ನಾವು ಹೊರಗಿನಿಂದ ಗದರುತ್ತಿದ್ದ ರಾತ್ರಿಗಳು ಪರದೆಯ ಮೇಲಿನಿಂದ ಹೋದಂತೆ ಅನಿಸಿತು.

ಇಷ್ಟಾದರೂ ಸರಿಯಾಗದಿದ್ದರೆ ಹಣ ಹಿಂದಿರುಗೀತೇ? ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಮರುಪಾವತಿ ಕೇಳಬಹುದು. ನಮ್ಮ ಡಿಸ್ಕಿನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಅಭಯ. ಆದರೆ ಈ ಆಟದ ವಿಷಯದಲ್ಲಿ ಒಂದು ತೊಡಕಿತ್ತು. ಮೊದಲು ಇಳಿಯುವುದು ಪುಟ್ಟದೊಂದು ಭಾಗ. ಮಿಕ್ಕ ಹೆಚ್ಚಿನದೆಲ್ಲ ಆಟವನ್ನು ತೆರೆದ ಮೇಲೆ ಅದರದೇ ಕಿಟಕಿಯಲ್ಲಿ ಇಳಿಯುತ್ತದೆ, ಆ ಹೊತ್ತೆಲ್ಲ ಆಡಿದ ಹೊತ್ತೆಂದೇ ಗಡಿಯಾರ ಎಣಿಸುತ್ತದೆ. ನಮ್ಮ ಮನೆಯ ಸಂಪರ್ಕ ಸೆಕೆಂಡಿಗೆ 50 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಎಂದರೆ 100 ಜಿಬಿ ಇಳಿಯಲು ಕಡಿಮೆಯೆಂದರೂ ನಾಲ್ಕೂವರೆ ಗಂಟೆ. ರನ್‌ವೇ ಕಾಣುವ ಮೊದಲೇ ಎರಡು ಗಂಟೆ ಮುಗಿದಿರುತ್ತದೆ. ಆದ್ದರಿಂದ 'ಕೊಂಡು ನೋಡೋಣ, ಬೇಡವಾದರೆ ಹಿಂದಿರುಗಿಸೋಣ' ಎಂಬ ನೆಮ್ಮದಿಯನ್ನು ನಾವು ಇಟ್ಟುಕೊಳ್ಳಲಿಲ್ಲ. ಲೆಕ್ಕ ಹಾಕುವುದೆಲ್ಲ ಕೊಳ್ಳುವ ಮೊದಲೇ ಆಗಬೇಕಿತ್ತು.

ಈ ಹುಡುಕಾಟದ ನಡುವೆ ನಮಗೊಂದು ಸ್ವಾರಸ್ಯದ ಸಂಗತಿ ತಿಳಿಯಿತು. ಫ್ಲೈಟ್ ಸಿಮ್ಯುಲೇಟರ್ ಮೈಕ್ರೋಸಾಫ್ಟ್ ಹೆಸರಿನಲ್ಲಿ ಮೊದಲು ಬಂದದ್ದು 1982ರಲ್ಲಿ. ಆಗ ಐಬಿಎಮ್ ಗಣಕವನ್ನು ಹೋಲುವ ಯಂತ್ರಗಳನ್ನು ಅನೇಕ ಸಂಸ್ಥೆಗಳು ತಯಾರಿಸುತ್ತಿದ್ದವು. ಯಾವುದು ನಿಜವಾಗಿ ಹೊಂದಿಕೆಯಾಗುವ ಯಂತ್ರವೆಂದು ಪರೀಕ್ಷಿಸಲು ಜನ ಎರಡು ತಂತ್ರಾಂಶಗಳನ್ನು ಓಡಿಸಿ ನೋಡುತ್ತಿದ್ದರಂತೆ: ಲೋಟಸ್ 1-2-3 ಮತ್ತು ಈ ಆಟ. ಯಂತ್ರವು ಆಟವನ್ನು ನಡೆಸಬಲ್ಲದೇ ಎಂದು ನಾವು ಕೇಳುತ್ತಿದ್ದ ಪ್ರಶ್ನೆಯನ್ನು ನಲವತ್ತು ವರ್ಷದ ಹಿಂದೆ ಇದೇ ಆಟದ ಮುಂದಿಟ್ಟುಕೊಂಡು ಬೇರೆಯವರೂ ಕೇಳಿದ್ದರು.

ಒಂದು ಶನಿವಾರ ಸಂಜೆ ಕೊಂಡೆವು. ರಾತ್ರಿಯಿಡೀ ಇಳಿಯಿತು. ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಯಂತ್ರವನ್ನು ಹಜಾರಕ್ಕೆ ತಂದು ಟಿವಿಗೆ ಜೋಡಿಸಿ, ಗಾತ್ರವನ್ನು 1080ಕ್ಕೆ, ಉಳಿದದ್ದನ್ನೆಲ್ಲ ಕೆಳಮಟ್ಟಕ್ಕೆ ಇಳಿಸಿ, ಅಪ್ಪನನ್ನು ಕರೆಯದೆ ಮೊದಲು ನಾವೇ ಹಾರಿಸಿ ನೋಡಿದೆವು. ಹಳೆಯ ಹಾರ್ಡ್ ಡಿಸ್ಕ್ ಆದ್ದರಿಂದ ತೆರೆಯಲು ಬಹಳ ಹೊತ್ತು ಹಿಡಿಯಿತು. ಆದರೆ ಹಾರಿತು. ಸಂಖ್ಯೆ 28, 31, 29. ನಾವಿಬ್ಬರೂ ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಿರುಗಿದರೆ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ನಕ್ಷೆಯ ಮೇಲೆ ಎಲ್ಲಿ ಬೇಕಾದರೂ ಬೆರಳಿಟ್ಟು ಆಕಾಶದಲ್ಲೇ ಹಾರಾಟವನ್ನು ಆರಂಭಿಸಬಹುದು. ಜೋಗದ ಪೂರ್ವಕ್ಕೆ ತುಸು ದೂರದಲ್ಲಿ, ಸೆಸ್ನಾ ಎಂಬ ಪುಟ್ಟ ವಿಮಾನದಲ್ಲಿ ಅಪ್ಪನನ್ನು ಕೂರಿಸಿದೆವು. ಮೀಟರುಗಳ ಸಣ್ಣ ಅಂಕಿಗಳು ಅವರಿಗೆ ಕಾಣುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಸಿರು ಗುಡ್ಡಗಳ ನಡುವೆ ಹಿನ್ನೀರು ಕೈಕಾಲು ಚಾಚಿ ಮಲಗಿತ್ತು. ಮೊದಲು ಜೋಗಕ್ಕೆ ಹೋಗೋಣವೆಂದರು. ಹೋದೆವು. ಜಲಪಾತವಿರಬೇಕಾದಲ್ಲಿ ಇಳಿಜಾರಿಗೆ ಅಂಟಿಸಿದ ಚಿತ್ರವಿತ್ತು, ನೀರು ಬೀಳುತ್ತಿರಲಿಲ್ಲ. ಅಪ್ಪ 'ಬೇಸಿಗೆ ಇರಬೇಕು' ಎಂದಷ್ಟೇ ಹೇಳಿ, ತಿರುಗಿಸು ಎಂದರು.

ಹಿನ್ನೀರಿನ ಮೇಲೆ ಬಂದಾಗ ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದರು. ನೀರಿನ ನಡುವೆ ಅಲ್ಲಲ್ಲಿ ನಡುಗಡ್ಡೆಗಳಿದ್ದವು. ಅವು ನಡುಗಡ್ಡೆಗಳಾಗಿದ್ದವೆಂದೇ ನಾವು ಇಷ್ಟು ವರ್ಷ ತಿಳಿದಿದ್ದದ್ದು. ಅಪ್ಪ ಟಿವಿಯ ಬಳಿ ಹೋಗಿ, ಉಳಿದಿರುವ ನೋಟದ ಕಿರಿದಾದ ಕಿಂಡಿಯನ್ನು ಅತ್ತಿತ್ತ ಹೊರಳಿಸಿ, ಒಂದರ ಮೇಲೆ ಬೆರಳಿಟ್ಟರು. 'ಇದು ದನ ಮೇಯಿಸುತ್ತಿದ್ದ ಗುಡ್ಡದ ನೆತ್ತಿ. ಇಲ್ಲಿಂದ ಕೆಳಗೆ ಇಳಿದರೆ ಮನೆ.' ಅದು ನಿಜವಾಗಿ ಅದೇ ಗುಡ್ಡವೇ ಎಂದು ಪರೀಕ್ಷಿಸುವ ಬಗೆ ನಮ್ಮಲ್ಲಿರಲಿಲ್ಲ, ಕೇಳಲೂ ಇಲ್ಲ. ವಿಮಾನ ಆ ಗುಡ್ಡವನ್ನು ದಾಟಿ ಹೋಯಿತು. ಮತ್ತೆ ಸುತ್ತು ಹಾಕಿಸಿದರು. ಆ ಬೆಳಿಗ್ಗೆ ಏಳು ಸುತ್ತು.

ಈಗ 2024ರ ಆವೃತ್ತಿ ಬಂದಿದೆ. ಅದರ ಕನಿಷ್ಠ ಸ್ಮೃತಿಯೇ 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಕನಿಷ್ಠ ಜಿಟಿಎಕ್ಸ್ 970. ಅಂದು ಶಿಫಾರಸಾಗಿದ್ದದ್ದು ಇಂದು ಹೊಸ್ತಿಲಾಗಿದೆ. ಮಗನ ಯಂತ್ರಕ್ಕೆ ಅದು ಎಟುಕುವುದಿಲ್ಲ, ನಾವು ಆಸೆಪಡುವುದೂ ಇಲ್ಲ. ಅಪ್ಪನಿಗೆ ಈಗ ಟಿವಿಯ ಮೇಲೆ ಬೆಳಕು ಕತ್ತಲೆಗಳಷ್ಟೇ ತಿಳಿಯುತ್ತವೆ. ಆದರೂ ಭಾನುವಾರಗಳಂದು ಯಂತ್ರ ಹಾಕಲು ಹೇಳುತ್ತಾರೆ. ನಾವು ಹಾರಿಸುತ್ತೇವೆ. ಯಾವ ಗುಡ್ಡದ ಎಡಕ್ಕೆ ಯಾವ ಹಳ್ಳ, ಎಲ್ಲಿ ತಿರುಗಬೇಕು ಎಂಬುದನ್ನು ಅವರು ಹೇಳುತ್ತಾ ಹೋಗುತ್ತಾರೆ.